ಮಾಗಿಯಲ್ಲಿ ಕಚ್ಚುವ ಉಣುಗಿಗೆ ಮಳೆಗಾಲದಲ್ಲೇ ಕೆಲಸ

ಕಾಫಿ ಹಣ್ಣು ಕೆಂಪಗಾಗಿ, ಅಡಿಕೆ ಕೊನೆ ಇಳಿಸುವ ಕೆಲಸ ಒಂದು ಹದಕ್ಕೆ ಬರುವ ಹೊತ್ತಿಗೆ ಮಲೆನಾಡಿನ ಯಾವುದಾದರೊಂದು ಮೂಲೆಯಿಂದ ಮಂಗ ಸತ್ತ ಸುದ್ದಿ ಬರತೊಡಗುತ್ತದೆ. ಆಮೇಲಿನ ನಾಲ್ಕಾರು ತಿಂಗಳು ಎಲ್ಲರ ಬಾಯಲ್ಲೂ ಮಂಗನ ಕಾಯಿಲೆಯದೇ ಮಾತು. ಕಾಡಿಗೆ ಹೋಗಬೇಡಿ, ಎಣ್ಣೆ ಹಚ್ಚಿಕೊಳ್ಳಿ, ಜ್ವರ ಬಂದರೆ ಆಸ್ಪತ್ರೆಗೆ ಓಡಿ ಎಂಬ ಪ್ರಕಟಣೆಗಳು ಬರುತ್ತವೆ. ಜೂನ್ ತಿಂಗಳಲ್ಲಿ ಒಂದೆರಡು ಹದ ಮಳೆ ಬಿದ್ದೊಡನೆ ಮಾತೂ ನಿಲ್ಲುತ್ತದೆ, ಕಾಯಿಲೆಯೂ ನಿಲ್ಲುತ್ತದೆ. ಮತ್ತೆ ಅದರ ನೆನಪಾಗುವುದು ಮುಂದಿನ ಕೊಯ್ಲಿಗೆ.

ಈ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ ಎಂಬುದೇ ನಾವು ಇಲ್ಲಿ ಹೇಳಹೊರಟಿರುವ ಮಾತು. ಮಳೆಗಾಲದಲ್ಲಿ ನಿಲ್ಲುವುದು ಕಾಯಿಲೆಯೇ ಹೊರತು ಅದನ್ನು ಹೊತ್ತು ತರುವ ಉಣುಗಲ್ಲ. ಜನವರಿಯಲ್ಲಿ ನಮ್ಮ ಆಳಿನ ಕಾಲಿಗೆ ಕಚ್ಚುವ ರಾಗಿ ಕಾಳಿನಷ್ಟು ಗಾತ್ರದ ಉಣುಗಿನ ತಾಯಿ, ಅದಕ್ಕೆ ಆರು ತಿಂಗಳ ಹಿಂದೆ, ನಾವು ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಿದ್ದಾಗ, ಬಹುಪಾಲು ನಮ್ಮದೇ ಕೊಟ್ಟಿಗೆಯ ದನದ ಮೈಮೇಲೆ ಕುಳಿತು ರಕ್ತ ಕುಡಿಯುತ್ತಿತ್ತು. ಕೊಳೆ ಕಾಣಿಸಿಕೊಂಡ ಮೇಲೆ ಮೈಲುತುತ್ತ ಕಲಸುವ ಬೆಳೆಗಾರ ಯಾರೂ ಇಲ್ಲ. ಉಣುಗಿನ ವಿಷಯದಲ್ಲಿ ಮಾತ್ರ ನಾವೆಲ್ಲರೂ ಹಾಗೆಯೇ ನಡೆದುಕೊಳ್ಳುತ್ತಿದ್ದೇವೆ.

ಆದುದರಿಂದ ಕಾಯಿಲೆಯ ವಿಚಾರ ಸ್ವಲ್ಪವೇ ಸಾಕು. ಉಣುಗಿನ ವಿಚಾರ ತುಸು ವಿಸ್ತಾರವಾಗಿ ತಿಳಿಯೋಣ.

ಉಣುಗಿನ ಕುಲ

ಉಣುಗು ಕೀಟವಲ್ಲ. ಕೀಟಗಳಿಗೆ ಆರು ಕಾಲು, ಬೆಳೆದ ಉಣುಗಿಗೆ ಎಂಟು. ಅದು ಜೇಡ, ಚೇಳು, ನುಸಿಗಳ ಬಳಗಕ್ಕೆ ಸೇರಿದ್ದು. ಅಡಿಕೆ ಎಲೆಯ ಅಡಿಯಲ್ಲಿ ಕೂತು ರಸ ಹೀರುವ ನುಸಿಯೂ ಇದರ ದೂರದ ನೆಂಟನೇ. ಪ್ರಪಂಚದಲ್ಲಿ ಈವರೆಗೆ ಸುಮಾರು 900 ಬಗೆಯ ಉಣುಗುಗಳನ್ನು ಗುರುತಿಸಿದ್ದಾರೆ. ಇವುಗಳಲ್ಲಿ ಎರಡು ದೊಡ್ಡ ಮನೆತನಗಳು. ಬೆನ್ನ ಮೇಲೆ ಗಟ್ಟಿ ಫಲಕವಿರುವವು ಇಕ್ಸೋಡಿಡೇ, ಅಂದರೆ ಗಡುಸು ಉಣುಗು. ಫಲಕವಿಲ್ಲದೆ ಮೈ ಚರ್ಮದ ಚೀಲದಂತಿರುವವು ಅರ್ಗಾಸಿಡೇ, ಅಂದರೆ ಮೆದು ಉಣುಗು. ಕೋಳಿಗೂಡಿನ ಸಂದಿಗಳಲ್ಲಿ ಅಡಗಿದ್ದು ರಾತ್ರಿ ಬಂದು ಕಚ್ಚುವುದು ಈ ಎರಡನೆಯ ಜಾತಿ. ನಮ್ಮ ದನ, ನಾಯಿ, ಕಾಡುಪ್ರಾಣಿಗಳ ಮೈಗೆ ಅಂಟಿಕೊಂಡು ದಿನಗಟ್ಟಲೆ ಕೂರುವುದು ಮೊದಲನೆಯದು.

ಗಡುಸು ಉಣುಗಿನಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟವಲ್ಲ. ಗಂಡಿನ ಫಲಕ ಬೆನ್ನನ್ನೆಲ್ಲ ಮುಚ್ಚಿರುತ್ತದೆ, ಆದ್ದರಿಂದ ಅದು ಹೆಚ್ಚು ಉಬ್ಬಲಾರದು. ಹೆಣ್ಣಿಗೆ ಫಲಕ ಮುಂಭಾಗದಲ್ಲಿ ಮಾತ್ರ. ಹಿಂದಿನ ಚರ್ಮ ಹಿಗ್ಗುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಹರಳು ಬೀಜದಂತೆ ಬೂದು ಬಣ್ಣಕ್ಕೆ ತಿರುಗಿ ತೊಪ್ಪನೆ ಉದುರುವುದನ್ನು ಹಾಲು ಕರೆಯುವವರೆಲ್ಲ ಕಂಡಿದ್ದೇವೆ. ಈ ಹೋಲಿಕೆ ನಮಗೆ ಮಾತ್ರ ಹೊಳೆದದ್ದಲ್ಲ. ಲ್ಯಾಟಿನ್ ಭಾಷೆಯಲ್ಲಿ ಉಣುಗಿಗೂ ಹರಳು ಗಿಡಕ್ಕೂ ಒಂದೇ ಪದ, ರಿಸಿನಸ್.

ಗಡುಸು ಉಣುಗುಗಳಲ್ಲಿ ಹೀಮಾಫೈಸಾಲಿಸ್ ಎಂಬುದು ಒಂದು ಕುಲ. ಇದರಲ್ಲೇ ಸುಮಾರು 170 ಪ್ರಭೇದಗಳಿವೆ. ಬಣ್ಣ ಚಿತ್ತಾರವಿಲ್ಲದ ಕಂದು ಮೈ. ಕಣ್ಣಿಲ್ಲ. ಬಾಯಿಯ ಎರಡು ಪಕ್ಕದಲ್ಲಿರುವ ಗಿಡ್ಡ ಮೀಸೆಗಳಂಥ ಅಂಗಗಳು ಹೊರಗಡೆಗೆ ತ್ರಿಕೋನವಾಗಿ ಚಾಚಿಕೊಂಡಿರುತ್ತವೆ. ಒಳ್ಳೆಯ ಭೂತಗನ್ನಡಿ ಇದ್ದರೆ ಇಷ್ಟನ್ನು ನಾವೂ ಕಾಣಬಹುದು. ಅದಕ್ಕಿಂತ ಮುಂದಿನದು ಸೂಕ್ಷ್ಮದರ್ಶಕದವರ ಕೆಲಸ. ಮಂಗನ ಕಾಯಿಲೆಯ ಮುಖ್ಯ ವಾಹಕವಾದ ಹೀಮಾಫೈಸಾಲಿಸ್ ಸ್ಪಿನಿಜೆರಾ ಈ ಕುಲದ್ದು. ಸ್ಪಿನಿಜೆರಾ ಎಂದರೆ ಮುಳ್ಳು ಹೊತ್ತದ್ದು ಎಂದರ್ಥ. 1897ರಲ್ಲಿ ನ್ಯೂಮನ್ ಎಂಬ ಫ್ರಾನ್ಸ್ ದೇಶದ ಪಶುವೈದ್ಯ ವಿದ್ವಾಂಸರು ಇದಕ್ಕೆ ಈ ಹೆಸರಿಟ್ಟರು. ಹೆಸರಿಟ್ಟ ಅರವತ್ತು ವರ್ಷಗಳವರೆಗೆ ಅದು ಸಂಗ್ರಹಾಲಯದ ಸೀಸೆಯಲ್ಲಿ ಕೂತಿದ್ದ ಸಾವಿರ ಹುಳಗಳಲ್ಲಿ ಒಂದು ಹುಳವಾಗಿತ್ತೇ ಹೊರತು ಯಾರೂ ಅದಕ್ಕೆ ಹೆದರಿರಲಿಲ್ಲ.

ಸೊರಬದ ಕಾಡಿನಲ್ಲಿ

ಹೆದರಿಕೆ ಶುರುವಾದದ್ದು 1957ರಲ್ಲಿ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮುಸಿಯಗಳೂ ಕೆಂಪು ಮಂಗಗಳೂ ಸಾಲಾಗಿ ಸತ್ತವು. ಕಾಡಿಗೆ ಸೌದೆ, ಸೊಪ್ಪಿಗೆ ಹೋದವರಿಗೆ ವಿಪರೀತ ಜ್ವರ, ತಲೆನೋವು, ಮೈಕೈ ಮುರಿಯುವ ನೋವು ಬಂದು ಹಲವರು ತೀರಿಕೊಂಡರು. ಪುಣೆಯಲ್ಲಿ 1952ರಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಬಂದು ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ಒಂದು ಹೊಸ ವೈರಸ್ಸನ್ನು ಬೇರ್ಪಡಿಸಿದರು. ಅನಂತರ ಉಣುಗುಗಳಲ್ಲೂ ಅದೇ ಸಿಕ್ಕಿತು. ಆ ವರ್ಷ ಲೆಕ್ಕಕ್ಕೆ ಸಿಕ್ಕ ರೋಗಿಗಳು 466 ಮಂದಿ. ಕಾಯಿಲೆಗೆ ಕ್ಯಾಸನೂರಿನ ಹೆಸರು ಹೋಯಿತು. ನಮ್ಮ ಜನ ಮಂಗನ ಕಾಯಿಲೆ ಎಂದರು. ಉಣುಗಿನ ಕಾಯಿಲೆ ಎಂದಿದ್ದರೆ ಹೆಚ್ಚು ನ್ಯಾಯವಾಗುತ್ತಿತ್ತು. ಪಾಪದ ಮಂಗ ನಮ್ಮ ಹಾಗೆಯೇ ಕಚ್ಚಿಸಿಕೊಂಡು ಸಾಯುವ ಪ್ರಾಣಿ.

ವೈರಸ್ ರಷ್ಯಾ ದೇಶದ ಉಣುಗುಜ್ವರದ ವೈರಸ್ಸಿಗೆ ಹತ್ತಿರದ್ದೆಂದು ಕಂಡುಬಂದದ್ದರಿಂದ, ವಲಸೆ ಹಕ್ಕಿಗಳು ಅದನ್ನು ಉತ್ತರದಿಂದ ತಂದಿರಬಹುದೇ ಎಂಬ ಶಂಕೆ ಎದ್ದಿತು. ಸಾಲಿಂ ಅಲಿಯವರ ನೇತೃತ್ವದಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದವರು 1959ರಿಂದ ಹಕ್ಕಿ ಹಿಡಿದು ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಹಿಡಿದದ್ದರ ಹಿಂದೆ ಈ ಶಂಕೆಯೂ ಇತ್ತು. ಹಕ್ಕಿಗಳ ಮೇಲಿನ ಆರೋಪ ರುಜುವಾತಾಗಲಿಲ್ಲ. ಹಕ್ಕಿಗಳ ಬಗ್ಗೆ ನಮ್ಮ ದೇಶದ ತಿಳಿವಳಿಕೆ ಮಾತ್ರ ಬಹಳ ಬೆಳೆಯಿತು.

ಉಣುಗುಗಳ ಬಗೆಗೂ ಹಾಗೆಯೇ. ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆದು ವರ್ಷಗಟ್ಟಲೆ ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣುಗು ಎಣಿಸಿದರು, ಇಲಿ ಹಿಡಿದು ಮೈ ಹುಡುಕಿದರು, ದನ ಕಟ್ಟಿ ನೋಡಿದರು. ಆ ಕಾಡುಗಳಲ್ಲಿ ಹೀಮಾಫೈಸಾಲಿಸ್ ಕುಲದ ಹತ್ತಾರು ಪ್ರಭೇದಗಳು ಸಿಕ್ಕವು. ಸ್ಪಿನಿಜೆರಾ ಎಲ್ಲಕ್ಕಿಂತ ಹೆಚ್ಚು, ಅದರ ಬೆನ್ನಿಗೇ ಟರ್ಟುರಿಸ್ ಎಂಬುದು. ಈವರೆಗೆ ಯಾರೂ ಹೆಸರಿಡದ ಒಂದು ಹೊಸ ಪ್ರಭೇದವೂ ಸಿಕ್ಕಿ, 1964ರಲ್ಲಿ ಅದಕ್ಕೆ ಹೀಮಾಫೈಸಾಲಿಸ್ ಕ್ಯಾಸನೂರೆನ್ಸಿಸ್ ಎಂದು ನಾಮಕರಣವಾಯಿತು. ಸೊರಬದ ಕಾಡಿನ ಹೆಸರು ಹೀಗೆ ಪ್ರಪಂಚದ ಉಣುಗುಗಳ ಪಟ್ಟಿಯಲ್ಲಿ ಸೇರಿದೆ. ಹೆಮ್ಮೆ ಪಡಬೇಕೋ ಬೇಡವೋ ಸದಸ್ಯರೇ ತೀರ್ಮಾನಿಸಬೇಕು.

ಒಂದು ಮನೆಯ ಉಣುಗು, ಮೂರು ಮನೆಯ ಉಣುಗು

ಹೆಸರು ತಿಳಿದು ನಮಗೇನಾಗಬೇಕು ಎಂದು ಕೇಳುವವರುಂಟು. ಪ್ರಯೋಜನವಿದೆ. ಕೊಯ್ಲಿನ ಕಾಲದಲ್ಲಿ ನಮ್ಮ ತೋಟಗಳಿಗೆ ಬಯಲುಸೀಮೆಯಿಂದ ಆಳುಗಳು ಬರುತ್ತಾರೆ. ಉಣ್ಣೆ ಎಂಬುದು ಅವರಿಗೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಕೊಡ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿಯಂಥ ತೊಗರಿ ಜೋಳದ ಕಪ್ಪು ನೆಲದಲ್ಲಿ ಹುಟ್ಟಿ ಬೆಳೆದ ರೈತನಿಗೆ ಎತ್ತಿನ ಕಿವಿಯಲ್ಲಿ, ಎಮ್ಮೆಯ ಕೆಚ್ಚಲ ಬುಡದಲ್ಲಿ ಉಣ್ಣೆ ಕಾಣುವುದು ನಿತ್ಯದ ಮಾತು. ಕೈಯಲ್ಲೇ ಕಿತ್ತು ಬೆಂಕಿಗೆ ಹಾಕುತ್ತಾನೆ. ಅವನಿಗೆ ಅದರಿಂದ ಜ್ವರ ಬಂದದ್ದಿಲ್ಲ. ಅದೇ ಧೈರ್ಯದಲ್ಲಿ ಅವನು ನಮ್ಮ ಕಾಡಿನಂಚಿನ ತೋಟದಲ್ಲಿ ತರಗೆಲೆಯ ಮೇಲೆ ಕೂತು ಬುತ್ತಿ ಬಿಚ್ಚಿದರೆ ಅದು ಅವನ ತಪ್ಪಲ್ಲ. ಅವನು ಕಂಡ ಉಣ್ಣೆ ಬೇರೆ, ನಮ್ಮದು ಬೇರೆ.

ದನಗಳ ಮೇಲೆ ಎಲ್ಲೆಲ್ಲೂ ಕಾಣುವ ಸಾಮಾನ್ಯ ಉಣ್ಣೆಗೆ ಹಿಂದೆ ಬೂಫಿಲಸ್ ಮೈಕ್ರೋಪ್ಲಸ್ ಎಂದಿದ್ದರು, ಈಗ ಅದನ್ನು ರಿಪಿಸೆಫಾಲಸ್ ಕುಲಕ್ಕೆ ಸೇರಿಸಿದ್ದಾರೆ. ಅದು ಒಂದು ಮನೆಯ ಉಣುಗು. ಮರಿಯಾಗಿ ಯಾವ ಹಸುವಿನ ಮೈ ಹತ್ತಿತೋ ಅದೇ ಹಸುವಿನ ಮೇಲೆ ಪೊರೆ ಬಿಟ್ಟು, ಬೆಳೆದು, ಕೂಡಿ, ಹೆಣ್ಣು ಮೊಟ್ಟೆಯಿಡಲಷ್ಟೇ ನೆಲಕ್ಕಿಳಿಯುತ್ತದೆ. ದನಕ್ಕೆ ಅದು ಶತ್ರು, ಮನುಷ್ಯನ ಗೊಡವೆಗೆ ಬರುವುದು ಅಪರೂಪ. ಒಣ ಸೀಮೆಯ ಇನ್ನೊಂದು ಬಗೆ ಹಯಲೋಮಾ. ದೊಡ್ಡದು, ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಅಡಗುವುದು. ಮಿಶ್ರತಳಿ ಹಸುಗಳಿಗೆ ಥೈಲೇರಿಯಾ ಜ್ವರ ತರುವುದು ಇದೇ. ನಮ್ಮಲ್ಲೂ ಜರ್ಸಿ, ಎಚ್.ಎಫ್. ಸಾಕಿದವರಿಗೆ ಆ ಜ್ವರದ ಹೆಸರು ಗೊತ್ತು.

ಸ್ಪಿನಿಜೆರಾ ಮೂರು ಮನೆಯ ಉಣುಗು. ಜೀವಮಾನದಲ್ಲಿ ಮೂರೇ ಊಟ, ಒಂದೊಂದು ಊಟಕ್ಕೂ ಬೇರೆ ಪ್ರಾಣಿ, ಮಧ್ಯೆ ಮಧ್ಯೆ ನೆಲದಲ್ಲಿ ವಾಸ. ಒಂದು ಪ್ರಾಣಿಯಿಂದ ಕುಡಿದ ವೈರಸ್ಸನ್ನು ಪೊರೆ ಬಿಟ್ಟ ಮೇಲೂ ಹೊಟ್ಟೆಯಲ್ಲಿಟ್ಟುಕೊಂಡು ಮುಂದಿನ ಪ್ರಾಣಿಗೆ ದಾಟಿಸುವ ಅವಕಾಶ ಅದಕ್ಕಿದೆ. ಒಂದು ಮನೆಯ ಉಣುಗಿಗೆ ಈ ಅವಕಾಶವೇ ಇಲ್ಲ. ಇಷ್ಟು ವ್ಯತ್ಯಾಸವನ್ನು ಕೊಯ್ಲಿನ ಮೊದಲ ದಿನವೇ ಆಳುಗಳಿಗೆ ಅವರ ಮಾತಿನಲ್ಲೇ ತಿಳಿಸಿ ಹೇಳುವುದು ತೋಟದ ಯಜಮಾನನ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಭಾಷಣ ಬೇಡ. ನಿಮ್ಮೂರ ಉಣ್ಣೆ ದನದಲ್ಲಿ ಇರುತ್ತದೆ, ಇಲ್ಲಿನದು ತರಗೆಲೆಯಲ್ಲಿ ಇರುತ್ತದೆ ಎಂದರೂ ಸಾಕು.

ಉಣುಗಿನ ಪಂಚಾಂಗ

ಮೊದಲ ಮಳೆಗೆ ನೆಲ ನೆನೆದೊಡನೆ ಬೆಳೆದ ಉಣುಗುಗಳು ಏಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವುಗಳ ಕಾಲ. ಹಾರಲಾರವು, ನೆಗೆಯಲಾರವು. ಹುಲ್ಲು, ಪೊದೆಗಳನ್ನು ಹತ್ತಿ ಮುಂಗಾಲು ಚಾಚಿ ಕಾಯುತ್ತವೆ. ಆ ಮುಂಗಾಲಿನ ತುದಿಯಲ್ಲೇ ವಾಸನೆ ಹಿಡಿಯುವ ಅಂಗವಿದೆ. ಪ್ರಾಣಿಯ ಉಸಿರು, ಬೆವರು ಸುಳಿದರೆ ಗೊತ್ತಾಗುತ್ತದೆ. ಬೆಳೆದ ಉಣುಗಿಗೆ ಬೇಕಾದುದು ದೊಡ್ಡ ಪ್ರಾಣಿ. ಕಾಡಿನಲ್ಲಿ ಕಾಟಿ, ಕಡವೆ, ಜಿಂಕೆ, ಹಂದಿ, ಕರಡಿ, ಹುಲಿ, ಚಿರತೆ. ಊರಿನಂಚಿನಲ್ಲಿ ದನ, ಎಮ್ಮೆ. ಹೊಟ್ಟೆ ತುಂಬಿದ ಹೆಣ್ಣು ಉದುರಿ, ಎಲೆಯಡಿಯ ತಂಪಿನಲ್ಲಿ ಒಂದೇ ಸೂಲಿಗೆ ಸಾವಿರಕ್ಕೂ ಮಿಕ್ಕಿ ಮೊಟ್ಟೆಯಿಟ್ಟು ಸಾಯುತ್ತದೆ.

ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಮರಿಗಳು. ಗಸಗಸೆಯಷ್ಟು ಗಾತ್ರ, ಆರು ಕಾಲು. ತಾಯಿ ಬಿದ್ದಲ್ಲೇ ಸಾವಿರಗಟ್ಟಲೆ ಗುಂಪಾಗಿರುತ್ತವೆ. ಇಲಿ, ಮೂಗಿಲಿ, ಅಳಿಲು, ಮುಳ್ಳುಹಂದಿ, ನೆಲದಲ್ಲಿ ಕೆದಕುವ ಕಾಡುಕೋಳಿ, ಕೆಳಗಿಳಿದು ಹಣ್ಣು ಹೆಕ್ಕುವ ಮಂಗ, ಯಾವುದು ಸಿಕ್ಕಿದರೂ ಆಗುತ್ತದೆ. ಕುಡಿದು ಉದುರಿ ಪೊರೆ ಬಿಟ್ಟರೆ ಎಂಟು ಕಾಲಿನ ಎಳೆ ಉಣುಗು, ರಾಗಿ ಕಾಳಿನ ಗಾತ್ರ. ಇದರ ಕಾಲ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಜನವರಿಯಿಂದ ಮಾರ್ಚ್‌ವರೆಗೆ ಇದರ ಸುಗ್ಗಿ. ಇದೂ ಸಣ್ಣ ಪ್ರಾಣಿ, ಹಕ್ಕಿ, ಮಂಗಗಳನ್ನೇ ಹುಡುಕುತ್ತದೆ. ಎದುರಿಗೆ ಮನುಷ್ಯನ ಕಾಲು ಸಿಕ್ಕರೆ ಬಿಡುವುದಿಲ್ಲ. ಮಂಗನ ಕಾಯಿಲೆ ನಮಗೆ ತಗಲುವುದು ಬಹುಮಟ್ಟಿಗೆ ಈ ರಾಗಿ ಕಾಳಿನಿಂದಲೇ.

ಈಗ ನಮ್ಮ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅರೇಬಿಕ ಕೊಯ್ಲು ಮುಗಿಯುತ್ತ ರೋಬಸ್ಟ ಶುರುವಾಗುವ ಕಾಲ, ಅಡಿಕೆ ಕೊನೆಕೊಯ್ಲಿನ ಕಾಲ, ಸೊಪ್ಪಿನ ಬೆಟ್ಟದಿಂದ ದರಗು ಗುಡಿಸಿ ತರುವ ಕಾಲ, ಮಳೆಗಾಲಕ್ಕೆ ಸೌದೆ ಕೂಡಿಡುವ ಕಾಲ ಎಲ್ಲವೂ ಎಳೆ ಉಣುಗಿನ ಸುಗ್ಗಿಯೊಳಗೇ ಬರುತ್ತವೆ. ಬೇಕೆಂದೇ ಹೊಂದಿಸಿದರೂ ಇಷ್ಟು ಕರಾರುವಾಕ್ಕಾಗಿ ಹೊಂದುತ್ತಿರಲಿಲ್ಲ.

ದನದ ಪಾಲೆಷ್ಟು

ದನದ ಮೈಯಲ್ಲಿ ಈ ವೈರಸ್ ಬೆಳೆದು ಉಣುಗಿಗೆ ದಾಟುವಷ್ಟು ರಕ್ತದಲ್ಲಿ ಸೇರುವುದಿಲ್ಲ. ದನದಿಂದ ನಮಗೆ ಕಾಯಿಲೆ ಬರುವುದಿಲ್ಲ, ಹಾಲಿನ ಭಯವೂ ಬೇಡ. ಮಂಗ, ಇಲಿ, ಮೂಗಿಲಿಗಳಲ್ಲಿ ವೈರಸ್ ಬೆಳೆಯುತ್ತದೆ, ದನದ ಮೇಲೆ ಉಣುಗು ಬೆಳೆಯುತ್ತದೆ. ಕಾಯಿಲೆ ಏಳಬೇಕಾದರೆ ಎರಡೂ ಬೇಕು. ಸಾಗರದ ಕೇಂದ್ರದಲ್ಲಿ ದುಡಿದ ಯೋರ್ಗೆ ಬೊಶೆಲ್ ಎಂಬ ಕೊಲಂಬಿಯಾ ದೇಶದ ವಿಜ್ಞಾನಿ 1969ರಲ್ಲಿ ಇದೇ ವಾದವನ್ನು ಮುಂದಿಟ್ಟರು. ಕಾಡಿನೊಳಗೆ ಈ ವೈರಸ್ ಬಹಳ ಹಿಂದಿನಿಂದಲೂ ಸದ್ದಿಲ್ಲದೆ ಇದ್ದಿರಬೇಕು. ಜನ ಹೆಚ್ಚಿ, ಕಾಡು ಒಡೆದು ಗದ್ದೆಯಾಗಿ, ಅಂಚಿನಲ್ಲಿ ಲಂಟಾನ ಹಬ್ಬಿ, ಅದರೊಳಗೆ ಇಲಿಗಳು ತುಂಬಿ, ಆ ಅಂಚಿನಲ್ಲೇ ದನ ಮೇಯತೊಡಗಿದಾಗ ಉಣುಗಿನ ಸಂಖ್ಯೆ ಏರಿ ಕಾಯಿಲೆ ಮೇಲೆದ್ದಿತು ಎಂದು ಅವರ ಅಭಿಪ್ರಾಯ. ಇದನ್ನು ಓದುವಾಗ ನಮ್ಮ ತೋಟದ ನಕ್ಷೆಯನ್ನೇ ನೋಡಿದಂತಾಗುತ್ತದೆ. ಒಂದು ಕಡೆ ಕಾಡು, ಮಧ್ಯೆ ಪೊದೆ, ಈಚೆ ಕಡೆ ತೋಟ, ಮೂರರಲ್ಲೂ ತಿರುಗಾಡಿ ಸಂಜೆ ಕೊಟ್ಟಿಗೆಗೆ ಬರುವ ದನ.

ಒಂದು ಸಣ್ಣ ಲೆಕ್ಕ ಮಾಡೋಣ. ಮಳೆಗಾಲದಲ್ಲಿ ಒಂದು ಹಸುವಿನ ಮೈಯಿಂದ ಹೊಟ್ಟೆ ತುಂಬಿದ ಹತ್ತು ಹೆಣ್ಣುಣುಗು ಉದುರಿದವು ಎನ್ನಿ. ಹತ್ತು ಸಾವಿರ ಮೊಟ್ಟೆ. ಅದರಲ್ಲಿ ನೂರಕ್ಕೆ ತೊಂಬತ್ತೈದು ಹಾಳಾದರೂ ಮಾಗಿಗೆ ಐನೂರು ಉಳಿದವು. ಐನೂರನ್ನು ತರಗೆಲೆಯಲ್ಲಿ ಹುಡುಕಿ ಕೊಲ್ಲುವುದು ಬ್ರಹ್ಮನಿಂದಲೂ ಆಗದು. ಹತ್ತನ್ನು ಹಸುವಿನ ಮೈಮೇಲೆ ಕೊಲ್ಲುವುದು ನಮ್ಮಿಂದಾಗುವ ಕೆಲಸ.

ಆದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದನಗಳಿಗೆ ಉಣುಗಿನ ಮದ್ದು ಆಗಲೇಬೇಕು. ಬೆನ್ನುಹುರಿಯ ಉದ್ದಕ್ಕೂ ಸುರಿಯುವ ಮದ್ದಿದೆ, ಮೈ ತೊಳೆಯುವ ಮದ್ದಿದೆ, ಚುಚ್ಚುಮದ್ದೂ ಇದೆ. ಯಾವುದು, ಎಷ್ಟು, ಎಷ್ಟು ದಿನಕ್ಕೊಮ್ಮೆ, ಆ ಮೇಲೆ ಎಷ್ಟು ದಿನ ಹಾಲು ಉಪಯೋಗಿಸಬಾರದು ಎಂಬುದನ್ನು ಪಶುವೈದ್ಯರನ್ನು ಕೇಳಿಯೇ ಮಾಡತಕ್ಕದ್ದು. ಗಬ್ಬದ ಹಸು, ಎಳೆಗರುಗಳ ವಿಷಯದಲ್ಲಿ ಅಂದಾಜಿನ ಮದ್ದು ಸಲ್ಲದು. ಒಬ್ಬರೇ ಮಾಡಿದರೆ ಅರ್ಧ ಫಲ, ನೆರೆಯವರ ದನವೂ ಅದೇ ಬ್ಯಾಣದಲ್ಲಿ ಮೇಯುತ್ತದೆ. ಊರಿಗೆ ಊರೇ ಒಂದೇ ವಾರದಲ್ಲಿ ಮಾಡಿದರೆ ಒಳ್ಳೆಯದು. ಸಹಕಾರ ಸಂಘ ಎಂದು ಕರೆದುಕೊಳ್ಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದರಿಂದಲೇ ಕಾಯಿಲೆ ಅಳಿದುಹೋಗುತ್ತದೆ ಎಂದು ನಾವು ಹೇಳುವುದಿಲ್ಲ. ಕಾಟಿಗೂ ಕಡವೆಗೂ ಮದ್ದು ಹಾಕುವವರಿಲ್ಲ. ಕಾಡಿನೊಳಗಿನ ಉಣುಗು ಇದ್ದೇ ಇರುತ್ತದೆ. ಮನೆ, ಕೊಟ್ಟಿಗೆ, ತೋಟದ ದಾರಿಯ ಸುತ್ತಿನ ಉಣುಗು ಕಡಿಮೆಯಾದರೂ ನಮಗೆ ಲಾಭವೇ.

ಎಲ್ಲೆಲ್ಲಿ ಇದೆ

ಸ್ಪಿನಿಜೆರಾ ಉಣುಗಿನ ಸೀಮೆ ದೊಡ್ಡದು. ದಕ್ಷಿಣ ಭಾರತ, ಮಧ್ಯ ಭಾರತದ ಕಾಡುಗಳಲ್ಲಿ, ಶ್ರೀಲಂಕಾದಲ್ಲಿ, ಪೂರ್ವಕ್ಕೆ ವಿಯೆಟ್ನಾಂ ಕಡೆಯವರೆಗೂ ಅದು ಸಿಕ್ಕಿದೆ. ಕಾಯಿಲೆಯ ಸೀಮೆ ಅಷ್ಟು ದೊಡ್ಡದಲ್ಲ, ಆದರೆ ಬೆಳೆಯುತ್ತಿದೆ. ಮೊದಲು ಸೊರಬ, ಸಾಗರಗಳಲ್ಲಿದ್ದದ್ದು 1970ರ ದಶಕದಲ್ಲಿ ಉತ್ತರ ಕನ್ನಡಕ್ಕೆ ಇಳಿಯಿತು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ, ಪಟ್ರಮೆಗಳ ಕಡೆ, ಗೇರು ನೆಡಲು ಕಾಡು ಕಡಿದ ಸುತ್ತಿನಲ್ಲಿ, ಬೆಂಕಿಯಂತೆ ಹಬ್ಬಿ ಸಾವಿರಕ್ಕೂ ಮಿಕ್ಕಿ ಜನ ಮಲಗಿದರು, ನೂರಕ್ಕೂ ಹೆಚ್ಚು ಮಂದಿ ಸತ್ತರು. ಮುಂದೆ ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ, ಕೊಪ್ಪ, ಶೃಂಗೇರಿಗಳ ಕಾಫಿ ಅಡಿಕೆ ತೋಟಗಳ ಕಡೆಗೂ ಬಂತು.

ಬಹುಕಾಲ ಇದು ಐದು ಜಿಲ್ಲೆಗಳ ಕಾಯಿಲೆ ಎಂದೇ ಎಣಿಸಿದ್ದರು. 2012ರಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತು, ಅವುಗಳ ಸುತ್ತ ಕೆಲಸ ಮಾಡಿದ ಅರಣ್ಯ ಸಿಬ್ಬಂದಿಗೆ ಜ್ವರ ಬಂದಾಗ ಆ ಎಣಿಕೆ ಮುರಿಯಿತು. ಅದೇ ಸುಮಾರಿಗೆ ನೀಲಗಿರಿ, 2013ರಲ್ಲಿ ವಯನಾಡು, 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕು, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಗೋವಾದ ಗೇರು ತೋಟಗಳಿಗೆ ಕೂಲಿಗೆ ಹೋಗಿದ್ದ ಬೆಳಗಾವಿ ಕಡೆಯವರಿಗೂ 2016ರಲ್ಲಿ ಕಾಯಿಲೆ ತಗಲಿತು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಅಲ್ಲಿನ ವೈದ್ಯರಿಗೆ ಈ ಕಾಯಿಲೆಯ ನೆನಪೇ ಆಗದಿರಬಹುದು. ಆದ್ದರಿಂದ ನಮ್ಮಲ್ಲಿ ಕೊಯ್ಲು ಮುಗಿಸಿ ಬಯಲುಸೀಮೆಗೆ ಹೊರಡುವ ಆಳುಗಳಿಗೆ, ಹತ್ತು ದಿನದೊಳಗೆ ಜ್ವರ ಬಂದರೆ ಮಲೆನಾಡಿನ ತೋಟದಲ್ಲಿ ಕೆಲಸ ಮಾಡಿದ್ದೆ ಎಂದು ವೈದ್ಯರಿಗೆ ಹೇಳುವಂತೆ ತಿಳಿಸಿ ಕಳುಹಿಸಬೇಕು. ಬಟವಾಡೆಯ ಜೊತೆಗೆ ಇಷ್ಟು ಮಾತೂ ಸೇರಲಿ.

2018ರ ಡಿಸೆಂಬರ್‌ನಿಂದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ನಡೆದದ್ದು ಎಲ್ಲರ ನೆನಪಿನಲ್ಲಿದೆ. ಒಂದು ಪಂಚಾಯಿತಿಯ ಸುತ್ತಿನಲ್ಲೇ ಒಂದೇ ಋತುವಿನಲ್ಲಿ ಹತ್ತಕ್ಕೂ ಹೆಚ್ಚು ಜನ ಹೋದರು, ಮನೆ ಬಿಟ್ಟು ನೆಂಟರ ಊರು ಸೇರಿದವರೂ ಇದ್ದರು. 2024ರಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಮೂರರಲ್ಲೂ ಮತ್ತೆ ಸಾವುಗಳಾದವು.

ಲಸಿಕೆ, ಎಣ್ಣೆ, ದರಗು

ಲಸಿಕೆ ಹಾಕಿಸಿಕೊಂಡಿದ್ದೇವೆ ಎಂಬ ಧೈರ್ಯ ಇನ್ನೂ ಕೆಲವರಲ್ಲಿದೆ. 1990ರಿಂದ ವರ್ಷಗಟ್ಟಲೆ ನಮ್ಮ ಕಡೆ ಹಾಕುತ್ತಿದ್ದ ಲಸಿಕೆಯ ರಕ್ಷಣೆ ಪೂರ್ತಿಯಾದದ್ದಾಗಿರಲಿಲ್ಲ. ಮೊದಲೆರಡು ಚುಚ್ಚುಮದ್ದಿನ ಮೇಲೆ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು, ನೋವಿಗೆ ಹೆದರಿ ಬಹಳ ಜನ ಮೊದಲನೆಯದಕ್ಕೇ ನಿಲ್ಲಿಸುತ್ತಿದ್ದರು. ಗುಣಮಟ್ಟದ ಪರೀಕ್ಷೆಯಲ್ಲಿ ಅದು ನಿಲ್ಲದೆ 2022ರಲ್ಲಿ ಸರಕಾರ ಕೈಬಿಟ್ಟಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಹಳೆಯ ಚುಚ್ಚುಮದ್ದನ್ನು ನಂಬಿ ಇಂದು ಯಾರೂ ಕಾಡು ಹೊಗಬಾರದು.

ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕಾಲು, ಕೈ, ಕುತ್ತಿಗೆಗೆ ಹಚ್ಚಿಕೊಂಡು ಹೋಗಬೇಕು. ಬಾಟಲಿ ಅಟ್ಟದ ಮೇಲಿದ್ದರೆ ಉಣುಗಿಗೆ ಏನೂ ಆಗದು. ಮೈ ಮುಚ್ಚುವ ಬಟ್ಟೆ, ಪ್ಯಾಂಟಿನ ಅಂಚು ಕಾಲುಚೀಲದೊಳಗೆ. ಮನೆಗೆ ಬಂದೊಡನೆ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ. ಮೊಣಕಾಲ ಹಿಂದೆ, ತೊಡೆ ಸಂದು, ಕಂಕುಳು, ಕಿವಿಯ ಹಿಂದೆ ನೋಡಬೇಕು, ಮಕ್ಕಳದನ್ನು ದೊಡ್ಡವರು ನೋಡಬೇಕು. ಕಚ್ಚಿದ್ದು ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಕುಕ್ಕಿ ಚಿಟ್ಟೆನಿಸುವ ಚಟ ಒಳ್ಳೆಯದಲ್ಲ, ಒಡೆದ ಉಣುಗಿನ ರಕ್ತ ಬೆರಳಿಗೆ ತಾಗುತ್ತದೆ.

ದರಗಿನ ವಿಷಯ ನಮ್ಮ ಮನೆಯ ಹೆಂಗಸರಿಗೆ ಹೆಚ್ಚು ಸಂಬಂಧಿಸಿದ್ದು. ಗುಡಿಸುವವರು ಅವರು, ಹೊರುವವರು ಅವರು, ಕೊಟ್ಟಿಗೆಗೆ ಹಾಸುವವರೂ ಅವರೇ. 2011-12ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಕಾಯಿಲೆ ಬಿದ್ದವರನ್ನೂ ಬೀಳದವರನ್ನೂ ಹೋಲಿಸಿ ನೋಡಿದಾಗ, ಮನೆಯ ಆವರಣದಲ್ಲಿ ಒಣ ಎಲೆಯ ರಾಶಿ ಹಾಕಿದ್ದವರಲ್ಲಿ ಅಪಾಯ ಹೆಚ್ಚೆಂದು ಕಂಡಿತು. ಕಾಡಿಗೇ ಹೋಗದ ಅಜ್ಜಿಗೆ ಹೇಗೆ ಬಂತು ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿದೆ. ಉಣುಗೇ ಹೊರೆ ಕಟ್ಟಿಕೊಂಡು ಅಂಗಳಕ್ಕೆ ಬಂದಿರುತ್ತದೆ. ದರಗಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಅಡಿಕೆಯಿಲ್ಲ, ಇದು ನಮಗೂ ಗೊತ್ತು. ಮಂಗ ಸತ್ತ ಕಾಡಿನ ದರಗನ್ನು ಆ ವರ್ಷ ಬಿಡಬೇಕು. ಉಳಿದ ಕಡೆಯದನ್ನು ಆದಷ್ಟೂ ಎಳೆ ಉಣುಗು ಹೆಚ್ಚುವ ಮೊದಲು, ಡಿಸೆಂಬರ್‌ನೊಳಗೆ, ತಂದು ಮುಗಿಸಬೇಕು. ರಾಶಿ ಮನೆಯಿಂದ ದೂರವಿರಲಿ, ಮಕ್ಕಳು ಅದರ ಮೇಲೆ ಆಡದಿರಲಿ. ಈ ಬದಲಾವಣೆ ಸುಲಭವಲ್ಲ, ಡಿ‌ಸೆಂಬರ್ ಎಂದರೆ ಎಲ್ಲ ಕೆಲಸವೂ ಮೈಮೇಲೆ ಬಿದ್ದಿರುವ ತಿಂಗಳು. ಆದರೂ ಯೋಚಿಸತಕ್ಕದ್ದು.

ಮಂಗ ಸತ್ತದ್ದು ಕಂಡರೆ ಮುಟ್ಟಬೇಡಿ, ಹೂಳಲು ಹೋಗಬೇಡಿ. ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳೆಲ್ಲ ಇಳಿದು ಸುತ್ತ ಹರಡುತ್ತವೆ. ಆ ಜಾಗಕ್ಕೆ ಆಳು ಹೋಗದಂತೆ ನೋಡಿಕೊಂಡು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಪಂಚಾಯಿತಿಗೋ ತಿಳಿಸಿರಿ. ಅವರು ಸುತ್ತ ಐವತ್ತು ಮೀಟರಿನಷ್ಟು ಜಾಗಕ್ಕೆ ಮೆಲಾಥಿಯಾನ್ ಪುಡಿ ಎರಚುತ್ತಾರೆ. ಮಂಗ ಸತ್ತದ್ದನ್ನು ಹೇಳಿದರೆ ತೋಟಕ್ಕೆ ಆಳು ಬರುವುದಿಲ್ಲವೆಂದು ಮುಚ್ಚಿಡುವವರಿದ್ದಾರೆ ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. ಅಂಥವರು ಆ ಆಳಿನ ಮನೆಯವರಿಗೆ ಏನು ಉತ್ತರ ಕೊಡುತ್ತಾರೋ ತಿಳಿಯದು.

ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಬರುತ್ತದೆ. ಏಕಾಏಕಿ ಚಳಿಜ್ವರ, ಹಣೆಯ ನೋವು, ಸೊಂಟ ಮತ್ತು ಮೀನಖಂಡದಲ್ಲಿ ತಾಳಲಾರದ ನೋವು, ಕೆಂಪು ಕಣ್ಣು, ವಾಂತಿ, ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. ಒಮ್ಮೆ ಇಳಿದ ಜ್ವರ ಒಂದೆರಡು ವಾರದ ಮೇಲೆ ಕೆಲವರಿಗೆ ಮರಳಿ ಬಂದು ಮೆದುಳಿಗೆ ತಟ್ಟುವುದುಂಟು, ಆದ್ದರಿಂದ ಜ್ವರ ಬಿಟ್ಟಿತೆಂದು ಮರುದಿನವೇ ಗುದ್ದಲಿ ಹಿಡಿಯಬಾರದು. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಬೇಗ ಆಸ್ಪತ್ರೆ ಸೇರಿ ನೀರಿನಂಶ, ರಕ್ತದ ಏರುಪೇರು ನೋಡಿಕೊಂಡರೆ ಬಹುಪಾಲು ಜನ ಉಳಿಯುತ್ತಾರೆ. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂಬುದು ಬಹುಕಾಲದ ಲೆಕ್ಕ. ರೋಗಿಯಿಂದ ಇನ್ನೊಬ್ಬರಿಗೆ ಹರಡುವುದಿಲ್ಲ, ಶುಶ್ರೂಷೆಗೆ ಹೆದರಬೇಕಾಗಿಲ್ಲ.

ಬರುವ ಮುಂಗಾರಿಗೆ ಬೋರ್ಡೋ ಸಿಂಪಡಣೆಗೆ ಮೈಲುತುತ್ತ, ಸುಣ್ಣ ಕೊಳ್ಳಲು ಸಂಘದ ಮಳಿಗೆಗೆ ಬರುವ ಸದಸ್ಯರು ತಮ್ಮಲ್ಲಿರುವ ದನಗಳ ಸಂಖ್ಯೆಯನ್ನೂ ಬರೆಸಿ ಹೋದರೆ, ಯಾವ ಊರಿನಲ್ಲಿ ಯಾವ ವಾರ ಪಶುವೈದ್ಯರನ್ನು ಕರೆಸಬೇಕೆಂದು ಗೊತ್ತುಮಾಡಲು ಅನುಕೂಲವಾಗುತ್ತದೆ.